ಹುಳುವಿಲ್ಲದ ಮೀನು, ಅಂಟಿಕೊಂಡ ಕರುಳು

ಪ್ರಶ್ನೆ: ನಾವು ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿದ್ದೇವೆ. ಹನ್ನೊಂದು ವರ್ಷದ ಮಗನಿಗೆ ಕೈಬಲೆಯ ಹುಚ್ಚು. ಬೇಸಿಗೆಯಲ್ಲಿ ಒಂದು ಸರೋವರದ ದಡದಲ್ಲಿ ಬೆರಳುದ್ದದ, ಬೆನ್ನ ಮೇಲೆ ಮುಳ್ಳಿರುವ ಮೀನೊಂದು ಅವನ ಬಲೆಗೆ ಬಿತ್ತು. ಹೊಟ್ಟೆ ವಿಪರೀತ ಊದಿತ್ತು, ಸ್ವಲ್ಪ ಹೊತ್ತಿಗೇ ಸತ್ತಿತು. ಅಪ್ಪ ಮಗ ಸೇರಿ ಹೊಟ್ಟೆ ಬಿಡಿಸಿದರೆ ಒಳಗೆ ಬಿಳಿ ಪಟ್ಟಿಯಂಥ ಹುಳು, ಹೆಚ್ಚುಕಡಿಮೆ ಮೀನಿನಷ್ಟೇ ಉದ್ದ. ಮುಂದಿನ ವಾರ ಅರ್ಧ ಗಂಟೆ ದೂರದ ಇನ್ನೊಂದು ಸರೋವರದಲ್ಲಿ ಅದೇ ಜಾತಿಯ, ಆಗಷ್ಟೇ ಸತ್ತಿದ್ದ ಎರಡು ಮೀನು ಸಿಕ್ಕವು. ಅವುಗಳಲ್ಲಿ ಹುಳು ಇರಲಿಲ್ಲ. ಆದರೆ ಕರುಳು, ಯಕೃತ್ತು ಎಲ್ಲ ಒಂದಕ್ಕೊಂದು ಅಂಟಿಕೊಂಡು ಹೊಟ್ಟೆಯ ಗೋಡೆಗೆ ಮೆತ್ತಿದಂತಿತ್ತು. ರಾಯಚೂರು ಕಡೆಯಿಂದ ಬಂದಿರುವ ಮಾವನವರು "ಹುಳು ಬಿದ್ದ ನೀರು, ಆ ಕೆರೆಗೆ ಮಗುವನ್ನು ಬಿಡಬೇಡಿ" ಎನ್ನುತ್ತಾರೆ. ನಾವು ವಾರಕ್ಕೆರಡು ಸಲ ಸಾಲ್ಮನ್ ತಿನ್ನುವವರು, ನಮಗೂ ಭಯ. ಮಗನ ಯೋಚನೆಯೇ ಬೇರೆ: ಹುಳುವಿಲ್ಲದ ಸರೋವರದ ಮೀನುಗಳನ್ನು ತಂದು ಹುಳುವಿರುವ ಸರೋವರಕ್ಕೆ ಬಿಟ್ಟರೆ ಮರಿಗಳಿಗೂ ಆ ಶಕ್ತಿ ಬರುವುದಿಲ್ಲವೇ ಎಂದು ಕೇಳುತ್ತಾನೆ. ಆ ಹುಳುವನ್ನು ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿ ಬೇರೆ ಇಟ್ಟಿದ್ದಾನೆ. ಏನು ಮಾಡಲಿ?

ಉತ್ತರ: ಮೀನಿನ ಹೊಟ್ಟೆ ಸೀಳಿ ರೋಗ ಹುಡುಕುವ ಕೆಲಸಕ್ಕೆ ನಾನು ಬಿದ್ದು ಇಪ್ಪತ್ತಾರು ವರ್ಷಗಳಾದವು. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಹುಳುವಲ್ಲ, ಆ ಅಂಟಿಕೊಂಡ ಕರುಳು. ಹುಳು ಕಂಡರೆ ಯಾರಾದರೂ ಬೆಚ್ಚುತ್ತಾರೆ. ಹುಳುವಿಲ್ಲದ ಮೀನಿನಲ್ಲೂ ಏನೋ ಸರಿಯಿಲ್ಲ ಎಂದು ನೋಡುವುದಕ್ಕೆ ಕಣ್ಣು ಬೇಕು. ನಿಮ್ಮ ಮಗನಿಗೆ ಅದಿದೆ.

ಮೊದಲು ಭಯದ ಮಾತು ಮುಗಿಸೋಣ. ನೀವು ಕಂಡದ್ದು ಮೂರು ಮುಳ್ಳಿನ ಸ್ಟಿಕಲ್‌ಬ್ಯಾಕ್ ಎಂಬ ಮೀನು. ಒಳಗಿದ್ದದ್ದು ಅದರ ಲಾಡಿಹುಳು, ಶಾಸ್ತ್ರೀಯ ಹೆಸರು ಸ್ಕಿಸ್ಟೋಸೆಫಾಲಸ್ ಸಾಲಿಡಸ್. ಕನ್ನಡದಲ್ಲಿ ಹೆಸರಿಟ್ಟವರಿಗೆ ಚಡ್ಡಿಯ ಲಾಡಿ ನೆನಪಾಗಿದ್ದು ಎಷ್ಟು ಸರಿ ಎಂಬುದು ಇದನ್ನು ಒಮ್ಮೆ ಕಂಡವರಿಗೆ ಗೊತ್ತಾಗುತ್ತದೆ. ಇದು ಮುಟ್ಟಿದರೆ ಅಂಟುವಂಥದ್ದಲ್ಲ. ಇದು ಬೆಳೆದು ಮೊಟ್ಟೆಯಿಡುವುದು ಮೀನು ತಿನ್ನುವ ಹಕ್ಕಿಗಳ ಕರುಳಿನಲ್ಲಿ. ಮಗ ಸೋಪು ಹಚ್ಚಿ ಕೈ ತೊಳೆದಿದ್ದರೆ ಅಲ್ಲಿಗೆ ಮುಗಿಯಿತು. ನಾನು ಓದಿದ ಮಂಗಳೂರಿನ ದಕ್ಕೆಯಲ್ಲಿ ಮೀನು ಕತ್ತರಿಸುವ ಹೆಂಗಸರು ಹೊಟ್ಟೆಯೊಳಗೆ ಹುಳು ಕಂಡರೆ ಬೆರಳ ತುದಿಯಲ್ಲಿ ಎತ್ತಿ ಎಸೆದು ಮುಂದಿನ ಮೀನಿಗೆ ಕೈಹಾಕುತ್ತಿದ್ದರು. ಆ ನಿರ್ಲಿಪ್ತತೆ ನನಗೆ ಬರಲು ವರ್ಷಗಳೇ ಬೇಕಾದವು.

ಸಾಲ್ಮನ್ನಿನ ವಿಷಯ ಬೇರೆ, ಅಲ್ಲಿ ನಿಮ್ಮ ಭಯಕ್ಕೆ ಆಧಾರವಿದೆ. ಪೆಸಿಫಿಕ್ ಸಾಗರದ ಕಾಡು ಸಾಲ್ಮನ್ನಿನ ಮಾಂಸದಲ್ಲಿ ಮನುಷ್ಯನ ಕರುಳಿಗೆ ಇಳಿಯಬಲ್ಲ ಬೇರೊಂದು ಲಾಡಿಹುಳುವಿನ ಮರಿ ಇರಬಹುದು. ಹಸಿಯಾಗಿ ತಿಂದವರಿಗಷ್ಟೇ ಅದರ ಕಾಟ. ಮೀನಿನ ನಡುಭಾಗ 63 ಡಿಗ್ರಿ ಸೆಲ್ಸಿಯಸ್ ಮುಟ್ಟುವಂತೆ ಬೇಯಿಸಿದರೆ ಸಾಕು, ನಮ್ಮ ಕುದಿಯುವ ಸಾರಿನಲ್ಲಿ ಯಾವ ಹುಳುವೂ ಉಳಿಯುವುದಿಲ್ಲ. ಹಸಿಯಾಗಿಯೇ ತಿನ್ನಬೇಕೆಂದರೆ ಮೈನಸ್ 20 ಡಿಗ್ರಿಯಲ್ಲಿ ಏಳು ದಿನ ಇಟ್ಟ ಮೀನು ಬೇಕು. ಮನೆಯ ಫ್ರೀಜರ್ ಅಷ್ಟು ತಣ್ಣಗಾಗುತ್ತದೆಯೇ ಎಂದು ಥರ್ಮಾಮೀಟರ್ ಇಟ್ಟು ನೋಡಿಕೊಳ್ಳಿ. ನಿಂಬೆರಸ, ಉಪ್ಪು, ಖಾರ ಹುಳುವನ್ನು ಕೊಲ್ಲುತ್ತವೆ ಎಂಬ ನಂಬಿಕೆಯನ್ನು ಮಾತ್ರ ಬಿಟ್ಟುಬಿಡಿ.

ಇನ್ನು ಮಾವನವರ ಮಾತು. ಅದನ್ನು ಹಳೆಯ ಕಾಲದ ಹೆದರಿಕೆ ಎಂದು ತಳ್ಳಿಹಾಕಬೇಡಿ. ರಾಯಚೂರು ಸೀಮೆಯ ಆ ವಯಸ್ಸಿನವರು ನಾರುಹುಣ್ಣನ್ನು ಕಂಡವರು. ಮೆಟ್ಟಿಲು ಬಾವಿಯ ನೀರಿನಲ್ಲಿದ್ದ ಸೈಕ್ಲಾಪ್ಸ್ ಎಂಬ ಚುಕ್ಕೆಯಷ್ಟು ಚಿಕ್ಕ ಜೀವಿ ಹೊಟ್ಟೆಗೆ ಹೋಗಿ, ವರ್ಷದ ಮೇಲೆ ಕಾಲಿನಿಂದ ದಾರದಂಥ ಹುಳು ಹೊರಬರುತ್ತಿತ್ತು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರೆಂದು ಹೇಳಿ ಹೇಳಿ, ಬಾವಿಗಳಿಗೆ ಔಷಧಿ ಹಾಕಿ ಹಾಕಿ, ಭಾರತ ಅದರಿಂದ ಮುಕ್ತವಾಯಿತೆಂದು ಘೋಷಣೆಯಾದದ್ದು 2000ರಲ್ಲಿ. ನಿಮ್ಮ ಸರೋವರದ ಲಾಡಿಹುಳುವಿಗೂ ಮೊದಲ ಮಜಲು ಅದೇ ಸೈಕ್ಲಾಪ್ಸ್ ಬಳಗದ ಜೀವಿ. ಹಾಗಾಗಿ ಅವರ ಮನಸ್ಸು ಹೋದ ದಿಕ್ಕು ಸರಿಯಾಗಿಯೇ ಇದೆ. ತಪ್ಪಿದ್ದು "ಹುಳುವಿದ್ದರೆ ನೀರು ಕೆಟ್ಟಿದೆ" ಎಂಬ ತೀರ್ಮಾನದಲ್ಲಿ.

ಈ ಹುಳು ಬದುಕಬೇಕಾದರೆ ಏನೇನು ಬೇಕು ನೋಡಿ. ಹಕ್ಕಿಯ ಹಿಕ್ಕೆಯ ಜೊತೆ ಮೊಟ್ಟೆ ನೀರಿಗೆ ಬೀಳಬೇಕು. ಅದರಿಂದ ಹೊರಟ ಮರಿಯನ್ನು ಸೈಕ್ಲಾಪ್ಸ್ ನುಂಗಬೇಕು. ಆ ಸೈಕ್ಲಾಪ್ಸನ್ನು ಸ್ಟಿಕಲ್‌ಬ್ಯಾಕ್ ತಿನ್ನಬೇಕು. ಮರಿ ಮೀನಿನ ಕರುಳನ್ನು ತೂತು ಮಾಡಿಕೊಂಡು ಹೊಟ್ಟೆಯ ಪೊಳ್ಳಿಗೆ ಇಳಿದು ಎರಡು ಮೂರು ತಿಂಗಳು ಬೆಳೆಯಬೇಕು. ಕೊನೆಗೆ ಆ ಮೀನನ್ನು ಲೂನ್‌ನಂಥ ಹಕ್ಕಿ ನುಂಗಬೇಕು. ಹಕ್ಕಿಯ ಬಿಸಿ ಕರುಳಿನಲ್ಲಿ ಹುಳು ಎರಡೇ ದಿನಗಳಲ್ಲಿ ಪ್ರಾಯಕ್ಕೆ ಬಂದು, ಕೆಲವು ದಿನ ಮೊಟ್ಟೆಯಿಟ್ಟು ಸಾಯುತ್ತದೆ. ಈ ಸರಪಳಿಯ ಯಾವ ಕೊಂಡಿ ಕಳಚಿದರೂ ಹುಳುವಿನ ವಂಶ ಅಲ್ಲಿಗೆ ಮುಗಿಯಿತು. ಕಾರ್ಖಾನೆಯ ಕೊಳೆ ಹರಿದು ಹಕ್ಕಿ ಬಾರದಾದ ನೀರಿನಲ್ಲಿ ಈ ಹುಳುವಿಗೆ ಜಾಗವಿಲ್ಲ. ಮಗುವನ್ನು ಆ ಸರೋವರಕ್ಕೆ ಕಳಿಸಲು ಹುಳು ಅಡ್ಡಿಯಲ್ಲ. ಈಜು ಬರುತ್ತದೆಯೇ ಎಂಬುದೇ ಅದಕ್ಕಿಂತ ದೊಡ್ಡ ಪ್ರಶ್ನೆ.

ಮೀನಿನ ಪಾಡು ಮಾತ್ರ ಮೂಗಿಗಿಂತ ಮೂಗುತಿ ಭಾರ. ಹುಳುವಿನ ತೂಕ ಮೀನಿನ ತೂಕದ ಮೂರನೆಯ ಒಂದು ಭಾಗವಾಗುವುದು ಅಪರೂಪವಲ್ಲ, ಹಲವು ಹುಳು ಸೇರಿದರೆ ಮೀನಿನ ತೂಕಕ್ಕೇ ಸಮನಾಗುವುದುಂಟು. ಹುಳು ಹಕ್ಕಿಗೆ ದಾಟುವಷ್ಟು ಬೆಳೆದ ಮೇಲೆ ಮೀನಿನ ನಡತೆಯೂ ಬದಲಾಗುತ್ತದೆ: ಹೆದರಿಕೆ ಕಡಿಮೆಯಾಗುತ್ತದೆ, ನೆರಳು ಬಿದ್ದರೂ ಓಡುವುದಿಲ್ಲ, ನೀರಿನ ಮೇಲ್ಮೈಯಲ್ಲೇ ಸುಳಿದಾಡುತ್ತದೆ. ನಿಮ್ಮ ಮಗನ ಕೈಬಲೆಗೆ ಅದು ಅಷ್ಟು ಸುಲಭವಾಗಿ ಸಿಕ್ಕಿದ್ದಕ್ಕೆ ಇದೂ ಕಾರಣವಿರಬಹುದು. ಹಕ್ಕಿಗೆಂದು ಹುಳು ಮಾಡಿದ ಏರ್ಪಾಡು ಹುಡುಗನಿಗೆ ಒದಗಿತು.

ಈಗ ಎರಡನೆಯ ಸರೋವರಕ್ಕೆ ಬರುತ್ತೇನೆ. ಅಲ್ಲಿನ ಮೀನಿಗೆ ಹುಳು ಸೋಕಿಯೇ ಇಲ್ಲ ಎಂದು ನೀವು ಅಂದುಕೊಂಡಿರಬಹುದು. ನನಗೆ ಹಾಗೆನಿಸುವುದಿಲ್ಲ. ಅಂಟಿಕೊಂಡ ಕರುಳು ಬಹುಮಟ್ಟಿಗೆ ಒಂದು ಹಳೆಯ ಯುದ್ಧದ ಗುರುತು.

ನಿಮ್ಮ ದ್ವೀಪದಲ್ಲೇ ಇದರ ಕಥೆ ಬಿಚ್ಚಿಕೊಂಡಿದೆ. ಅಲ್ಲಿನ ಸರೋವರಗಳಲ್ಲಿ ಈ ಹುಳು ಹೊತ್ತ ಸ್ಟಿಕಲ್‌ಬ್ಯಾಕ್‌ಗಳ ಪ್ರಮಾಣ ಶೂನ್ಯದಿಂದ ಶೇಕಡಾ 80ರವರೆಗೆ ಬದಲಾಗುತ್ತದೆ. ವರ್ಷ ವರ್ಷ ನೋಡಿದರೂ ಹುಳುವಿನ ಸರೋವರದಲ್ಲಿ ಹುಳುವಿದೆ, ಇಲ್ಲದಲ್ಲಿ ಇಲ್ಲ. ಗಾಸ್ಲಿಂಗ್ ಸರೋವರದಲ್ಲಿ ಹುಳುವಿನ ಸುಗ್ಗಿ. ಅದರಿಂದ ಬಹಳ ದೂರವೇನೂ ಇಲ್ಲದ ರಾಬರ್ಟ್ಸ್ ಸರೋವರದಲ್ಲಿ ಹುಡುಕಿದರೂ ಸಿಗದು. ಜೆಸ್ಸಿ ವೆಬರ್, ಡೇನಿಯಲ್ ಬೋಲ್ನಿಕ್ ಮತ್ತು ಸಂಗಡಿಗರು ಇದರ ಬೆನ್ನುಬಿದ್ದರು. ನೀರಿನ ವ್ಯತ್ಯಾಸವೋ, ಆಹಾರದ್ದೋ, ರಕ್ತದಲ್ಲೇ ಬಂದದ್ದೋ ಎಂದು ತಿಳಿಯಲು ಒಂದೇ ದಾರಿ. ಹುಳು ಇರುವ ನೀರಿನ ಮೀನು, ಇಲ್ಲದ ನೀರಿನ ಮೀನು, ಎರಡರ ಮರಿಗಳನ್ನೂ ಸರೋವರದ ನೀರೇ ಸೋಕದಂತೆ ಪ್ರಯೋಗಾಲಯದಲ್ಲಿ ಬೆಳೆಸಿ, ಲೆಕ್ಕ ಹಾಕಿದ ಹುಳುಮರಿಗಳನ್ನು ತಿನ್ನಿಸುವುದು. ಹಾಗೆಯೇ ಮಾಡಿದರು.

2017ರಲ್ಲಿ ಪ್ರಕಟವಾದ ಫಲಿತಾಂಶ ನನ್ನಂಥವರು ಊಹಿಸಿದಂತೆ ಇರಲಿಲ್ಲ. ಹುಳು ಎರಡೂ ಬಗೆಯ ಮೀನುಗಳ ಹೊಟ್ಟೆಗೆ ಒಂದೇ ಸುಲಭದಲ್ಲಿ ನುಗ್ಗಿತು. ಬಾಗಿಲಲ್ಲಿ ತಡೆದವರು ಯಾರೂ ಇಲ್ಲ. ವ್ಯತ್ಯಾಸ ಕಂಡದ್ದು ಆಮೇಲೆ. ಹುಳುವಿಲ್ಲದ ನೀರಿನಿಂದ ಬಂದ ಮೀನುಗಳೊಳಗೆ ಹುಳು ಬೆಳೆಯಲೇ ಇಲ್ಲ, ನೂರರಲ್ಲಿ ಒಂದು ಪಾಲಿನಷ್ಟಕ್ಕೆ ಕುಗ್ಗಿತ್ತು. ಆ ಮೀನುಗಳ ಬಿಳಿ ರಕ್ತಕಣಗಳು ಹುಳುವನ್ನು ಸುಡಬಲ್ಲ ಆಮ್ಲಜನಕದ ಅಣುಗಳನ್ನು ಮೂರು ಪಟ್ಟು ಹೆಚ್ಚು ಉಗುಳುತ್ತಿದ್ದವು. ಎರಡನ್ನೂ ಬೆರೆಸಿದ ಮರಿಗಳಲ್ಲಿ ಹುಳುವಿನ ಗಾತ್ರ ನಡುವಿನದು. ಅಂದರೆ ಈ ಶಕ್ತಿ ತಂದೆತಾಯಿಯಿಂದ ಇಳಿದು ಬರುವಂಥದ್ದು.

ಅದಾದ ಐದು ವರ್ಷಕ್ಕೆ, 2022ರಲ್ಲಿ, ಅಂಟುವ ಕರುಳಿನ ಗುಟ್ಟು ಹೊರಬಂತು. ಗಾಯ ಮಾಯ್ದ ಮೇಲೆ ಚರ್ಮದ ಮೇಲೆ ಗಟ್ಟಿ ಕಲೆ ಉಳಿಯುತ್ತದಲ್ಲ, ಅದೇ ಕೊಲಾಜನ್ ನಾರನ್ನು ಈ ಮೀನುಗಳು ಹೊಟ್ಟೆಯೊಳಗೆ ಹೊಸೆಯುತ್ತವೆ. ವೈದ್ಯರು ಇದನ್ನು ಫೈಬ್ರೋಸಿಸ್ ಎನ್ನುತ್ತಾರೆ. ನಾರಿನ ಬಲೆ ಹುಳುವನ್ನು ಸುತ್ತುತ್ತದೆ, ಅದರ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ, ಕೆಲವೊಮ್ಮೆ ಕೊಲ್ಲುತ್ತದೆ. ಹುಳು ಹೋದರೂ ಬಲೆ ಹೋಗುವುದಿಲ್ಲ. ಕುಡಿತದಿಂದ ಗಟ್ಟಿಯಾದ ಯಕೃತ್ತು, ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ ಅಂಟುವ ಕರುಳು, ಇವೆಲ್ಲ ನಮ್ಮ ದೇಹದಲ್ಲಿ ಇದೇ ಕೆಲಸದ ಬೇರೆ ಬೇರೆ ಮುಖಗಳು.

ಇಲ್ಲಿ ನಿಮ್ಮ ಮಗನಿಗೆ ನಿಧಾನವಾಗಿ ಹೇಳಬೇಕಾದ ಮಾತೊಂದಿದೆ. ಹುಳುವಿಲ್ಲದ ಮೀನು ಆರೋಗ್ಯವಾಗಿದೆ ಎಂದಲ್ಲ, ಅದು ಬೆಲೆ ತೆತ್ತಿದೆ. ಹೊಟ್ಟೆಯೆಲ್ಲ ನಾರು ಕಟ್ಟಿದ ಹೆಣ್ಣು ಮೀನಿನಲ್ಲಿ ಮೊಟ್ಟೆಯ ಚೀಲ ಹಿಗ್ಗಲು ಜಾಗವೆಲ್ಲಿದೆ? ಸಂತಾನ ಗಣನೀಯವಾಗಿ ಇಳಿಯುತ್ತದೆ ಎಂಬುದೂ ಅದೇ ಅಧ್ಯಯನದಲ್ಲಿ ಕಂಡದ್ದು. ಇಲಿಯ ಕಾಟಕ್ಕೆ ಮನೆಗೆ ಬೆಂಕಿ ಇಟ್ಟರು ಎಂಬಷ್ಟಲ್ಲದಿದ್ದರೂ, ಒಂದೆರಡು ಕೋಣೆಗಂತೂ ಬೆಂಕಿ ಬಿದ್ದಿದೆ.

ಹಾಗಾದರೆ ಗಾಸ್ಲಿಂಗ್‌ನಂಥ ಸರೋವರದ ಮೀನುಗಳು ದುರ್ಬಲವೇ? ಅವು ತಾಳಿಕೊಳ್ಳುವ ದಾರಿ ಹಿಡಿದಿವೆ. ಹುಳು ಇರಲಿ, ಅದರ ಪಾಲು ಅದು ತಿನ್ನಲಿ, ಸಾಯುವುದರೊಳಗೆ ನಮ್ಮ ಮೊಟ್ಟೆ ನಾವಿಡೋಣ ಎಂಬ ಲೆಕ್ಕ. ಅಲಾಸ್ಕಾದ ಕೆಲವು ಸರೋವರಗಳಲ್ಲಿ ಹೊಟ್ಟೆ ತುಂಬ ಹುಳು ಹೊತ್ತ ಹೆಣ್ಣುಗಳೂ ಮೊಟ್ಟೆ ಕಟ್ಟುವುದನ್ನು ಸಂಶೋಧಕರು ಕಂಡಿದ್ದಾರೆ. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ನಾನು ಮನುಷ್ಯರ ವಿಷಯದಲ್ಲಿ ಅಷ್ಟಾಗಿ ನಂಬುವುದಿಲ್ಲ, ಈ ಮೀನುಗಳ ವಿಷಯದಲ್ಲಿ ನಂಬುತ್ತೇನೆ. 2022ರ ಅಧ್ಯಯನದಲ್ಲಿ ವಂಶವಾಹಿಗಳನ್ನು ತಡಕಿದಾಗ, ಹೋರಾಡುವ ಮೀನು ಮತ್ತು ತಾಳುವ ಮೀನು ಎರಡೂ ಕಡೆ ಆಯ್ಕೆ ನಡೆದಿರುವ ಗುರುತು ಸಿಕ್ಕಿತು. ತಾಳಿಕೆ ಎಂದರೆ ಹೋರಾಡಲು ಬಾರದೆ ಉಳಿದುಬಿಟ್ಟ ಸ್ಥಿತಿಯಲ್ಲ, ಪ್ರಕೃತಿ ಆರಿಸಿಕೊಂಡ ಇನ್ನೊಂದು ಮಾರ್ಗ.

ಒಂದೇ ಜಾತಿಗೆ ಎರಡು ದಾರಿ ಏಕೆ? ಸ್ಟಿಕಲ್‌ಬ್ಯಾಕ್ ಮೂಲತಃ ಕಡಲಿನದು. ಸುಮಾರು 12,000 ವರ್ಷಗಳ ಹಿಂದೆ ಹಿಮನದಿಗಳು ಕರಗಿ ಹಿಂಜರಿದಾಗ ಹೊಸದಾಗಿ ತೆರೆದ ಸಿಹಿನೀರಿಗೆ ಕಡಲಿನ ಮೀನುಗಳು ಏರಿ ಬಂದು ಅಲ್ಲೇ ನೆಲೆ ನಿಂತವು. ಉಪ್ಪುನೀರಿನಲ್ಲಿ ಈ ಹುಳುವಿನ ಮೊಟ್ಟೆ ಒಡೆಯುವುದಿಲ್ಲವಾದ್ದರಿಂದ ಅವುಗಳ ಹಿರಿಯರಿಗೆ ಈ ಶತ್ರುವಿನ ಪರಿಚಯವೇ ಇರಲಿಲ್ಲ. ಒಂದೊಂದು ಸರೋವರವೂ ತನ್ನ ಪಾಠವನ್ನು ತಾನೇ ಕಲಿಯಬೇಕಾಯಿತು. ಆಳವಾದ ದೊಡ್ಡ ಸರೋವರದ ಮೀನು ನಡುನೀರಿನಲ್ಲಿ ತೇಲುವ ಸೈಕ್ಲಾಪ್ಸ್‌ಗಳನ್ನೇ ತಿಂದು ಬದುಕಿದರೆ ಪ್ರತಿ ತುತ್ತಿನಲ್ಲೂ ಅಪಾಯ. ಕೆಸರಿನ ತಳದಲ್ಲಿ ಕೀಟದ ಮರಿ ಹೆಕ್ಕುವ ಮೀನಿಗೆ ಅಷ್ಟಿಲ್ಲ. ಎಷ್ಟು ಹಕ್ಕಿ ಬರುತ್ತವೆ, ಮೀನು ಎಷ್ಟು ವರ್ಷ ಬದುಕುತ್ತದೆ, ಮೊದಲು ಬಂದು ಸೇರಿದ ಮೀನುಗಳ ರಕ್ತದಲ್ಲಿ ಏನಿತ್ತು, ಇದೆಲ್ಲವೂ ಲೆಕ್ಕಕ್ಕೆ ಬರುತ್ತದೆ. ನಾರು ಹೊಸೆಯುವ ಖರ್ಚು ಹುಳು ಮಾಡುವ ಹಾನಿಗಿಂತ ಕಡಿಮೆಯಿದ್ದಲ್ಲಿ ಹೊಸೆಯುವವರು ಉಳಿದರು, ಹೆಚ್ಚಿದ್ದಲ್ಲಿ ತಾಳುವವರು. ಹುಳುವೂ ಸುಮ್ಮನೆ ಕೂತಿಲ್ಲ. ನಾರ್ವೆಯ ಒಂದು ಸರೋವರದ ಹುಳು ಬೇರೆಡೆಯ ಹುಳುವಿಗಿಂತ ಬಹಳ ಬೇಗ ಬೆಳೆಯುತ್ತದೆ ಎಂಬುದನ್ನು ಪ್ರಯೋಗಗಳು ತೋರಿಸಿವೆ.

ಮಗನ ಯೋಜನೆಗೆ ಬರೋಣ. ಬುದ್ಧಿವಂತ ಯೋಚನೆಯೇ, ದೊಡ್ಡವರೂ ಇದನ್ನು ಮಾಡಿದ್ದಾರೆ. ಆದರೆ ಅದರಲ್ಲಿ ನಾಲ್ಕಾರು ತೊಡಕುಗಳಿವೆ.

ಬೆರಕೆ ಮರಿಗಳಿಗೆ ಅರ್ಧ ಶಕ್ತಿ ಬಂದರೆ ಅರ್ಧ ಲಾಭ ಎನ್ನುವಂತಿಲ್ಲ. ನಾರು ಹೊಸೆಯುವ ಖರ್ಚು ಬಂದು, ಹುಳುವನ್ನು ನಿಲ್ಲಿಸುವಷ್ಟು ಬಿರುಸು ಬಾರದೆ ಹೋದರೆ ಎರಡೂ ಕಡೆಯ ನಷ್ಟ. ಒಂದೊಂದು ಸರೋವರದ ಮೀನು ಅಲ್ಲಿನ ಆಹಾರಕ್ಕೆ, ಅಲ್ಲಿನ ನೀರಿಗೆ, ಅಲ್ಲಿನ ಬೇಟೆಗಾರರಿಗೆ ಹೊಂದಿಕೊಂಡಿರುತ್ತದೆ. ಆ ಹೊಂದಾಣಿಕೆಯೂ ಕದಡುತ್ತದೆ. ನಿಮ್ಮ ದ್ವೀಪದ ಈನೋಸ್ ಸರೋವರದಲ್ಲಿ ಒಂದೇ ನೀರಿನಲ್ಲಿದ್ದರೂ ಬೆರೆಯದೆ ಬದುಕಿದ ಎರಡು ಬಗೆಯ ಸ್ಟಿಕಲ್‌ಬ್ಯಾಕ್ ಇದ್ದವು. ಹೊರಗಿನ ಸೀಗಡಿಯಂಥ ಜೀವಿ, ಕ್ರೇಫಿಶ್, ಬಂದು ಸೇರಿದ ಮೇಲೆ ಅವು ಒಂದರೊಳಗೊಂದು ಬೆರೆತು ಕರಗಿಹೋದವು. ಲಾಸ್ಕೆಟಿ ದ್ವೀಪದ ಹ್ಯಾಡ್ಲಿ ಸರೋವರದಲ್ಲೂ ಅಂಥ ಒಂದು ಜೋಡಿ ಇತ್ತು. ಯಾರೋ ತಂದುಬಿಟ್ಟ ಬೆಕ್ಕುಮೀನಿನಿಂದ ಅದು ನಿರ್ನಾಮವಾಯಿತು.

ಮೀನಿನ ಜೊತೆ ಹೋಗುವ ಅದರ ಪರಿವಾರವೇ ನಿಜವಾದ ಅಪಾಯ. ನಾರ್ವೆಯವರನ್ನು ಕೇಳಿ. ಗೈರೊಡ್ಯಾಕ್ಟಿಲಸ್ ಸಲಾರಿಸ್ ಎಂಬ ಅರ್ಧ ಮಿಲಿಮೀಟರಿನ ಜೀವಿ ಬಾಲ್ಟಿಕ್ ಕಡೆಯ ಸಾಲ್ಮನ್ ಚರ್ಮದ ಮೇಲೆ ಬಹುಕಾಲದಿಂದ ಇತ್ತು. ಅಲ್ಲಿನ ಹಲವು ನದಿಗಳ ಮೀನು ಅದನ್ನು ಹತೋಟಿಯಲ್ಲಿಡಲು ಕಲಿತಿತ್ತು. 1970ರ ದಶಕದಲ್ಲಿ ಸ್ವೀಡನ್ನಿನ ಮರಿಕೇಂದ್ರಗಳಿಂದ ತಂದ ಮೀನುಗಳ ಜೊತೆ ಅದು ನಾರ್ವೆಗೆ ಬಂತು. ಅಲ್ಲಿನ ಅಟ್ಲಾಂಟಿಕ್ ಸಾಲ್ಮನ್ನಿಗೆ ಅದರ ಗುರುತಿಲ್ಲ, ರಕ್ಷಣೆಯಿಲ್ಲ. ಇದು ಮೊಟ್ಟೆಯಿಡದೆ ಮರಿ ಹಾಕುತ್ತದೆ, ಹೊಟ್ಟೆಯಲ್ಲಿರುವ ಮರಿಯ ಹೊಟ್ಟೆಯಲ್ಲಿ ಆಗಲೇ ಇನ್ನೊಂದು ಮರಿ ಇರುತ್ತದೆ. ಹೀಗಿರುವಾಗ ಅದರ ಹೆಚ್ಚಳವನ್ನು ತಡೆಯುವವರಾರು? ಸುಮಾರು 50 ನದಿಗಳಿಗೆ ಹಬ್ಬಿತು, ಎಳೆಯ ಸಾಲ್ಮನ್‌ಗಳು ಸಾಲುಸಾಲಾಗಿ ಸತ್ತವು. ಕೊನೆಗೆ ರೊಟೆನೋನ್ ಎಂಬ ವಿಷ ಹಾಕಿ ನದಿಯಲ್ಲಿದ್ದ ಮೀನುಗಳನ್ನೆಲ್ಲ ಕೊಂದು, ಮುಂಚೆ ಉಳಿಸಿಟ್ಟಿದ್ದ ತಳಿಯಿಂದ ಮತ್ತೆ ಮೀನು ಬಿಡುವುದೇ ಅವರಿಗೆ ಮುಖ್ಯ ದಾರಿಯಾಯಿತು. ಬಾಲ್ಟಿಕ್ ಮೀನಿನ ಮೈಮೇಲೆ ಅದೇ ಜೀವಿಯನ್ನು ನೋಡಿದವರು ನಿರುಪದ್ರವಿ ಎಂದು ಬರೆದಿಡಬಹುದಿತ್ತು. ಒಂದು ಕಡೆಯ ಮೀನು ತಡೆದುಕೊಂಡ ಪಿಡುಗು ಇನ್ನೊಂದು ಕಡೆ ಊರನ್ನೇ ನುಂಗುತ್ತದೆ.

ಬೇಕೆಂದೇ ರೋಗನಿರೋಧಕ ಮೀನು ತಂದು ಗೆದ್ದ ಕಥೆಯೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಟ್ರೌಟ್ ಮೀನು ಗಿರಕಿ ಹೊಡೆಯುತ್ತ ಸಾಯುವ ಒಂದು ರೋಗ 1950ರ ದಶಕದಲ್ಲಿ ಯುರೋಪಿನಿಂದ ಅಮೆರಿಕಕ್ಕೆ ಬಂತು. ಯುರೋಪಿನ ಕಂದು ಟ್ರೌಟ್ ಅದನ್ನು ತಡೆದುಕೊಳ್ಳುತ್ತದೆ, ಅಮೆರಿಕದ ಕಾಮನಬಿಲ್ಲು ಟ್ರೌಟ್ ತಡೆಯಲಾರದು. ಜರ್ಮನಿಯ ಮರಿಕೇಂದ್ರವೊಂದರಲ್ಲಿ ಪೀಳಿಗೆಗಟ್ಟಲೆ ಆ ರೋಗದ ನಡುವೆಯೇ ಬೆಳೆದ ಹೋಫರ್ ಎಂಬ ಕಾಮನಬಿಲ್ಲು ತಳಿಗೆ ಮಾತ್ರ ಶಕ್ತಿ ಬಂದಿತ್ತು. ಕೊಲೊರಾಡೊದವರು ಅದನ್ನು ತಂದರು. ಆದರೆ ತೊಟ್ಟಿಯಲ್ಲಿ ಬೆಳೆದ ಮೀನಿಗೆ ಕಾಡುನದಿಯಲ್ಲಿ ಬದುಕುವ ಚಾಲಾಕಿತನ ಇರುವುದಿಲ್ಲ. ಹಾಗಾಗಿ ಕಾಡಿನ ತಳಿಯೊಂದಿಗೆ ಕೂಡಿಸಿ, ವರ್ಷಗಟ್ಟಲೆ ಪರೀಕ್ಷಿಸಿ, ಒಂದೊಂದೇ ನದಿಗೆ ಬಿಟ್ಟರು. ಅಷ್ಟು ದುಡ್ಡು, ಪ್ರಯೋಗಾಲಯ, ತಾಳ್ಮೆ ಇದ್ದವರು ಮಾಡುವ ಕೆಲಸವದು, ಅದೂ ನದಿಯ ಮೀನು ಹೇಗೂ ಸಾಯುತ್ತಿದ್ದಾಗ. ನಿಮ್ಮ ಸರೋವರದ ಸ್ಟಿಕಲ್‌ಬ್ಯಾಕ್‌ಗೆ ಅಂಥ ಆಪತ್ತೇನೂ ಬಂದಿಲ್ಲ. ಮೀನೂ ಹುಳುವೂ ಅಲ್ಲಿ ಹಳೆಯ ಸಂಸಾರಿಗಳು.

ಅಲ್ಲದೆ ಜೀವಂತ ಮೀನನ್ನು ಒಂದು ನೀರಿನಿಂದ ಇನ್ನೊಂದಕ್ಕೆ ಅನುಮತಿಯಿಲ್ಲದೆ ಸಾಗಿಸುವುದು ನಿಮ್ಮಲ್ಲಿ ಅಪರಾಧ. ಬಕೆಟ್ಟಿನಲ್ಲಿ ಎರಡೇ ಮೀನು ಎಂಬ ಸಬೂಬು ನಡೆಯುವುದಿಲ್ಲ.

ಹುಳುವಿಗೆ ಔಷಧಿ ಇಲ್ಲವೇ ಎಂದು ಮುಂದಿನ ಪತ್ರದಲ್ಲಿ ಕೇಳುತ್ತೀರಿ ಎಂದು ಗೊತ್ತು. ತೊಟ್ಟಿಯ ಮೀನಿಗೆ ಇದೆ. ಸರೋವರಕ್ಕೆ ಸುರಿದರೆ ಹುಳುವಿನ ಜೊತೆ ಇನ್ನೇನೇನು ಸಾಯುತ್ತದೆ ಎಂದು ಹೇಳಬಲ್ಲವರಿಲ್ಲ. ಊರಿನಲ್ಲಿ ರೋಹು ಸಾಕಿದವರ ಹೊಂಡಗಳಿಗೆ ಮೀನಿನ ಹೇನು ಬಿದ್ದಾಗ ಅಳತೆ ತಪ್ಪಿ ಔಷಧಿ ಸುರಿದು, ಬೆಳಗಾಗುವುದರೊಳಗೆ ಹೇನಿಗಿಂತ ಮೊದಲು ಮೀನು ತೇಲಿದ್ದನ್ನು ನಾನು ನಿಂತು ನೋಡಿದ್ದೇನೆ. ಆ ಹೊಂಡದ ಯಜಮಾನರು ನನ್ನನ್ನು ಬೈಯಲಿಲ್ಲ, ಸುಮ್ಮನೆ ದಡದಲ್ಲಿ ಕುಳಿತಿದ್ದರು. ಬೈದಿದ್ದರೆ ಚೆನ್ನಾಗಿತ್ತು.

ನೀವು ಮಾಡಬಹುದಾದದ್ದು ಇಷ್ಟು. ಒಂದು ಸರೋವರದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಬಲೆ, ಬೂಟು, ಬಕೆಟ್ಟಿನ ಕೆಸರು ತೊಳೆದು ಬಿಸಿಲಲ್ಲಿ ಪೂರ್ತಿ ಒಣಗಿಸಿ. ಆ ಗಿರಕಿ ರೋಗ 2016ರಲ್ಲಿ ಆಲ್ಬರ್ಟಾದ ಬ್ಯಾನ್ಫ್‌ನಲ್ಲಿ, 2023ರಲ್ಲಿ ನಿಮ್ಮದೇ ಪ್ರಾಂತ್ಯದ ಯೋಹೊ ರಾಷ್ಟ್ರೀಯ ಉದ್ಯಾನದಲ್ಲಿ ಪತ್ತೆಯಾಗಿದೆ. ಅದು ಒದ್ದೆ ಕೆಸರಿನ ಜೊತೆಯೂ ಪ್ರಯಾಣ ಮಾಡುತ್ತದೆ. ಕತ್ತರಿಸಿದ ಮೀನನ್ನು ನೀರಿಗೆ ಎಸೆಯದೆ ಕಸಕ್ಕೆ ಹಾಕಿ. ಮುಂದಿನ ಬೇಸಿಗೆಯಲ್ಲಿ ಮಗನಿಗೆ ನೋಡುವ ಕೆಲಸ ಕೊಡಿ: ಮೊಟ್ಟೆಯಿಡುವ ಕಾಲ ಕಳೆದ ಸೆಪ್ಟೆಂಬರಿನಲ್ಲೂ ಊದಿದ ಹೊಟ್ಟೆ ಕಂಡರೆ ಅದು ಮೊಟ್ಟೆಯಿರಲಾರದು. ಎರಡೂ ಸರೋವರಗಳ ದಡದಲ್ಲಿ ಅಂಥ ಮೀನು ಎಷ್ಟು ಕಾಣುತ್ತವೆ, ಲೂನ್‌ಗಳು ಎಷ್ಟಿವೆ ಎಂದು ತಿಂಗಳಿಗೊಮ್ಮೆ ಬರೆದಿಡಲಿ.

ಫ್ರೀಜರಿನ ಡಬ್ಬಿಯನ್ನು ಮಾತ್ರ ಇವತ್ತೇ ತೆಗೆಯಿರಿ, ಅಡುಗೆಯ ಜಾಗದಲ್ಲಿ ಅದು ಬೇಡ. ಔಷಧಿ ಅಂಗಡಿಯಲ್ಲಿ ಸಿಗುವ ಶೇಕಡಾ 70ರ ರಬ್ಬಿಂಗ್ ಆಲ್ಕೋಹಾಲಿನಲ್ಲಿ ಹುಳುವನ್ನು ಮುಳುಗಿಸಿ ಗಾಜಿನ ಸೀಸೆಯಲ್ಲಿಡಿ. ಸರೋವರದ ಹೆಸರು, ದಿನಾಂಕ, ಮೀನಿನ ಉದ್ದವನ್ನು ಒಂದು ಚೂರು ಕಾಗದದ ಮೇಲೆ ಬರೆದು ಸೀಸೆಯ ಒಳಗೇ ಹಾಕಲಿ. ಪೆನ್ಸಿಲ್ಲಿನಲ್ಲಿ ಬರೆಯಲು ಹೇಳಿ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ, ನನ್ನ ಮೊದಲ ವರ್ಷದ ಸೀಸೆಗಳೆಲ್ಲ ಹಾಗೆಯೇ ಹೆಸರಿಲ್ಲದಂತಾದವು.